ಲೇಸರ್‌ಗೆ ಮುನ್ನ ನೋವು ತಿಳಿಯದಂತೆ ಮರಗಟ್ಟಿಸುವ ಕ್ರೀಮ್: ಎರಡೂ ಕಾಲುಗಳಿಗೆ ಹಚ್ಚಬಹುದೇ?

ಪ್ರಶ್ನೆ:
ನನ್ನ ತಂಗಿ ಕಾಲಿನ ಕೂದಲು ತೆಗೆಸಲು ಲೇಸರ್ ಚಿಕಿತ್ಸೆಗೆ ಹೋಗಲಿದ್ದಾಳೆ. ಮನೆಯಲ್ಲಿಯೇ ತೊಡೆಯಿಂದ ಪಾದದವರೆಗೆ ಕ್ರೀಮ್ ಹಚ್ಚಿ, ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಬರಬೇಕೆಂದು ಹೇಳಿ ಡಬ್ಬಿಯೊಂದನ್ನು ಕೊಟ್ಟಿದ್ದಾರೆ. ಅದರ ಮೇಲೆ ಔಷಧದ ಹೆಸರಾಗಲಿ ಪ್ರಮಾಣವಾಗಲಿ ಇಲ್ಲ. ಮೇಲೆ ಹಚ್ಚುವ ಮುಲಾಮಿನಿಂದ ಏನಾದೀತು ಎಂಬುದು ಅವಳ ವಾದ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ಫಾರ್ಮಸಿಸ್ಟ್):
ಆ ಡಬ್ಬಿಯನ್ನು ಹಾಗೆಯೇ ಹಿಂದಿರುಗಿಸುವುದು ಒಳ್ಳೆಯದು. ಔಷಧದಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಲಿಡೋಕೇನ್ (ನಮ್ಮಲ್ಲಿ ಲಿಗ್ನೋಕೇನ್ ಎಂದೂ ಬರೆಯುತ್ತಾರೆ) ಮತ್ತು ಪ್ರೈಲೋಕೇನ್ ತಲಾ ಶೇ. 2.5ರಷ್ಟು ಬೆರೆತ ಕ್ರೀಮ್. ಬಿಡಿಯಾಗಿ ಇವೆರಡೂ ಘನ ಪದಾರ್ಥಗಳೇ ಆದರೂ ಸಮನಾಗಿ ಬೆರೆಸಿದಾಗ ಕರಗುವ ಬಿಂದು ಸುಮಾರು 18 ಡಿಗ್ರಿ ಸೆಲ್ಸಿಯಸ್‌ಗೆ ಇಳಿದು ಎಣ್ಣೆಯಂತಾಗುತ್ತವೆ. ಗಾಯವಿಲ್ಲದ ಚರ್ಮವನ್ನೂ ದಾಟಿ ನರಗಳ ತುದಿಯನ್ನು ತಲುಪುವ ಗುಣ ಇದಕ್ಕೆ ಬಂದದ್ದು ಹೀಗೆ. ದಪ್ಪಗೆ ಹಚ್ಚಿ ಮುಚ್ಚಿಟ್ಟರೆ ಒಂದು ಗಂಟೆಯಲ್ಲಿ ಸುಮಾರು 3 ಮಿ.ಮೀ., ಎರಡು ಗಂಟೆಯಲ್ಲಿ 5 ಮಿ.ಮೀ. ಆಳದವರೆಗೆ ಮರಗಟ್ಟುತ್ತದೆ.

ಆದರೆ ಚರ್ಮ ದಾಟಿದ ಔಷಧ ಅಲ್ಲಿಯೇ ನಿಲ್ಲದೆ ರಕ್ತಕ್ಕೂ ಸೇರುತ್ತದೆ. ಹಚ್ಚಿದ ಜಾಗ ಹಿಗ್ಗಿದಷ್ಟೂ, ಹೊತ್ತು ಹೆಚ್ಚಿದಷ್ಟೂ, ಮೇಲೆ ಪ್ಲಾಸ್ಟಿಕ್ ಸುತ್ತಿ ಬೆಚ್ಚಗಾದಷ್ಟೂ ಅದು ಜಾಸ್ತಿ. ಆಗಷ್ಟೇ ರೇಜರ್ ಆಡಿಸಿದ್ದರಂತೂ ಕೇಳುವುದೇ ಬೇಡ. ಹಾಗೆ ಬೋಳಿಸಿದ ಚರ್ಮಕ್ಕೆ ಯುರೋಪಿನ ಔಷಧ ಸೂಚನೆಯಲ್ಲಿರುವ ಮಿತಿ 60 ಗ್ರಾಂ, ಅದೂ 600 ಚದರ ಸೆಂ.ಮೀ. ಮೀರದಂತೆ, ಎರಡು ಪೂರ್ಣ ಕಾಲುಗಳ ವಿಸ್ತೀರ್ಣ ಅದರ ಹಲವು ಪಟ್ಟು. ಅಮೆರಿಕದಲ್ಲಿ ಇದೇ ರೀತಿ ಕಾಲುಗಳಿಗೆ ಔಷಧದ ಪ್ರಮಾಣ ಹೆಚ್ಚಿದ್ದ ಕ್ರೀಮ್ ಹಚ್ಚಿ, ಹಾಳೆ ಸುತ್ತಿಕೊಂಡಿದ್ದ ಇಬ್ಬರು ಯುವತಿಯರು ಫಿಟ್ಸ್ ಬಂದು ತೀರಿಕೊಂಡ ಕಾರಣ, 2007ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಾರ್ವಜನಿಕ ಎಚ್ಚರಿಕೆಯನ್ನೇ ಹೊರಡಿಸಬೇಕಾಯಿತು.

ಉತ್ತರ 2 (ನರ್ಸ್):
ಮೇಲಿನ ಉತ್ತರಕ್ಕೆ ಸ್ವಲ್ಪ ಸೇರಿಸುತ್ತೇನೆ. ಹಚ್ಚಿದ ಜಾಗ ಬಿಳಿಚಿಕೊಳ್ಳುವುದು, ಆಮೇಲೆ ಕೆಂಪಾಗುವುದು, ತುಸು ಉರಿ, ತುರಿಕೆ ಇವೆಲ್ಲ ಸಾಮಾನ್ಯ, ತಾವಾಗಿಯೇ ಇಳಿಯುತ್ತವೆ. ಬಾಯಿಯ ಸುತ್ತ ಜುಮುಗುಡುವುದು, ನಾಲಿಗೆಗೆ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಎನ್ನುವುದು, ತಲೆಸುತ್ತು ಕಂಡುಬಂದರೆ ಮಾತ್ರ ಕ್ರೀಮನ್ನು ತಕ್ಷಣ ಒರೆಸಿ ಆಸ್ಪತ್ರೆಗೆ ಧಾವಿಸಬೇಕು. ತುಟಿ, ಉಗುರು ನೀಲಿಗಟ್ಟಿದರೂ ಅಷ್ಟೇ: ಪ್ರೈಲೋಕೇನ್ ದೇಹದಲ್ಲಿ ಒಡೆದಾಗ ಉಂಟಾಗುವ ವಸ್ತುವಿನಿಂದ ಹಿಮೋಗ್ಲೋಬಿನ್ ಆಮ್ಲಜನಕ ಹೊರುವ ಶಕ್ತಿಯನ್ನು ಕಳೆದುಕೊಳ್ಳಬಹುದು. ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಕಿಣ್ವ) ಕೊರತೆಯಿರುವವರು, ಡ್ಯಾಪ್ಸೋನ್ (ಕುಷ್ಠರೋಗಕ್ಕೆ ಕೊಡುವ ಔಷಧ) ಅಥವಾ ಸಲ್ಫಾ ಮಾತ್ರೆ ನುಂಗುತ್ತಿರುವವರು ಇದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಎಳೆಗೂಸುಗಳಿಗೂ ಈ ಅಪಾಯ ಹೆಚ್ಚು. ಮೂರು ತಿಂಗಳೊಳಗಿನ ಮಗುವಿಗೆ 1 ಗ್ರಾಂ, ಒಂದು ಗಂಟೆಯೇ ಗರಿಷ್ಠ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಕ್ರೀಮ್ ಇಲ್ಲದೆಯೇ ಮಾಡಿಸಿಕೊಳ್ಳಬೇಕೇ?

ಉತ್ತರ 2 (ನರ್ಸ್):
ಕಾಲಿಗೆ ಬಹಳಷ್ಟು ಜನ ತಣ್ಣನೆಯ ಗಾಳಿ ಅಥವಾ ಐಸ್‌ಪ್ಯಾಕ್‌ನಲ್ಲಿಯೇ ಸುಧಾರಿಸಿಕೊಳ್ಳುತ್ತಾರೆ. ತೀರಾ ನೋಯುವ ಚಿಕ್ಕ ಜಾಗಕ್ಕೆ ಮಾತ್ರ, ಹೆಸರು, ಪ್ರಮಾಣ ಅಚ್ಚಾಗಿರುವ ಟ್ಯೂಬಿನಿಂದ, ಚರ್ಮವೈದ್ಯರ ಎದುರಿನಲ್ಲಿಯೇ ಹಚ್ಚಿಸಿಕೊಳ್ಳಲಿ. ಕಾಲು ಪೂರ್ತಿ ಮರಗಟ್ಟಿದ್ದರೆ ಲೇಸರ್‌ನ ಶಾಖ ಮಿತಿಮೀರಿ ಚರ್ಮ ಸುಡುತ್ತಿದ್ದರೂ ಮಾಡಿಸಿಕೊಳ್ಳುವವರಿಗೆ ತಿಳಿಯುವುದಿಲ್ಲ.