ಅಪ್‌ಡೇಟ್: ಸನ್‌ಪ್ಯಾಕ್ ಶೀಟಿನ ನಕ್ಷತ್ರ ಕೊನೆಗೂ ಸರಿಯಾಯಿತು
ಕುಂಬಳೆಯಿಂದ ನಮಸ್ಕಾರ. 4 ಎಂಎಂ ಸನ್‌ಪ್ಯಾಕ್ ಶೀಟಿನ (ಒಳಗೆ ಸಾಲಾಗಿ ಕೊಳವೆಗಳಿರುವ ಪ್ಲಾಸ್ಟಿಕ್ ಹಾಳೆ) ದೀಪಾವಳಿ ನಕ್ಷತ್ರದಲ್ಲಿ ಅಂಟಿಸಿದ ಪಟ್ಟಿಗಳು ಕಿತ್ತು ಬರುತ್ತಿವೆ, ಕೊನೆಯ ಬಲ್ಬುಗಳು ಬಿಳಿ ಬದಲು ಕೆಂಪಾಗುತ್ತಿವೆ ಅಂತ ಹೋದ ವಾರ ಕೇಳಿದ್ದೆ.

ಬಿಸಿ ಗಮ್ ನಿಲ್ಲಲಿಲ್ಲ. ಬೆಳಿಗ್ಗೆ ನೋಡಿದರೆ ಇಡೀ ಪಟ್ಟಿ ಬಾಳೆಹಣ್ಣಿನ ಸಿಪ್ಪೆ ಹಾಗೆ ಸುಲಿದು ಬಂದಿತ್ತು. ಶೀಟು ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್, ಅದಕ್ಕೆ ಅಂಟು ಹಿಡಿಯುವುದೇ ಕಷ್ಟ. ಆಗ ಕೇಬಲ್ ಟೈ ಹಾಕಿ ಅಂತ ಉತ್ತರಿಸಿದ ಅಕ್ಕನಿಗೆ ದೊಡ್ಡ ಥ್ಯಾಂಕ್ಸ್, ಈಗ ಅಲುಗಾಡುವುದಿಲ್ಲ. ಬುಲೆಟ್ ಪಿಕ್ಸೆಲ್‌ನ (ತೂತಿಗೆ ತೂರಿಸುವ ಪುಟ್ಟ ಎಲ್‌ಇಡಿ ಬಲ್ಬ್) 12 ಎಂಎಂ ತೂತಿಗೆ ಸ್ಟೆಪ್ ಡ್ರಿಲ್ಲೇ (ಮೆಟ್ಟಿಲು ಮೆಟ್ಟಿಲಾಗಿ ದಪ್ಪವಾಗುವ ಬಿಟ್) ಸರಿ. ಕಾಯಿಸಿದ ಕಂಬಿಯಿಂದ ಅಂಚು ಕರಗಿ ಗಂಟಾಯಿತು.

ಕೆಂಪಾಗಿದ್ದು ಬಲ್ಬ್ ಕೆಟ್ಟು ಅಲ್ಲ, ದೂರ ಹೋದಂತೆ ವೋಲ್ಟೇಜ್ ಇಳಿದು! ಅದೇ ಪವರ್ ಸಪ್ಲೈಯಿಂದ ಬಲ್ಬ್ ಸರದ ಕೊನೆಗೂ ವಯರ್ ಎಳೆದೆ, ಬಿಳಿ ಬಂತು. ಮತ್ತೆ, ತುಲಾ ಮಳೆಯ (ಅಕ್ಟೋಬರ್-ನವೆಂಬರ್ ಹೊತ್ತಿನ ಮಳೆ) ನಮ್ಮೂರಲ್ಲಿ ಶೀಟಿನ ಕೊಳವೆಗಳು ನೆಟ್ಟಗೆ ನಿಲ್ಲುವಂತೆ ಕತ್ತರಿಸಿ, ನೀರು ಇಳಿದುಹೋಗುತ್ತದೆ. ನಿನ್ನೆ ಸಂಜೆ ಅಷ್ಟು ಮಳೆ ಬಂದರೂ ನಕ್ಷತ್ರ ಉರಿಯುತ್ತಲೇ ಇತ್ತು.