ಬರ್ಮಾದ ದಂಗೆ, ನಮ್ಮ ವಡೆಯ ತೂತು

“ವಡೆ ಸಣ್ಣದಾಗಿದೆ, ತೂತು ಮಾತ್ರ ಹಿಂದಿನಷ್ಟೇ ಇದೆ,” ಅಂತ ಶೀನ ಗೊಣಗಿದ.

“ದಂಗೆಯೆದ್ದು ಅಧಿಕಾರ ಕಿತ್ತುಕೊಂಡ ಬರ್ಮಾದ, ಅಂದರೆ ಈಗಿನ ಮ್ಯಾನ್ಮಾರಿನ, ಸೇನಾ ಜನರಲ್‌ನ ಕೇಳಯ್ಯ,” ಅಂದರು ಬ್ಯಾಂಕಿನಿಂದ ರಿಟೈರಾದ ರಾಯರು. “ನಾವು ಹೊರಗಿಂದ ತರಿಸೋ ಉದ್ದು ಬಹುಪಾಲು ಅಲ್ಲಿಯದೇ.”

“ಆ ವಿಡಿಯೋದಲ್ಲಿ ಹುಡುಗಿ ಏರೋಬಿಕ್ಸ್ ಮಾಡ್ತಿರ್ತಾಳೆ, ಹಿಂದೆ ಮಿಲಿಟರಿ ಗಾಡಿ ಸಾಲಾಗಿ ಹೋಗ್ತವೆ, ಆ ದಂಗೆನಾ?” ಅಂದೆ. ನನ್ನ ಜ್ಞಾನ ಅಷ್ಟೇ.

“ಅದೇ, 2021ರ ಫೆಬ್ರವರಿ 1. ಚುನಾವಣೆ ಗೆದ್ದಿದ್ದು ಅಲ್ಲಿನ ನಾಯಕಿ ಆಂಗ್ ಸಾನ್ ಸೂ ಕಿ ಪಕ್ಷ. ಸೇನಾ ಮುಖ್ಯಸ್ಥ ಮಿನ್ ಆಂಗ್ ಲೈಂಗ್ ‘ಮತಪಟ್ಟಿ ಸರಿಯಿಲ್ಲ’ ಅಂತ ಆಯಮ್ಮನ್ನ ಒಳಗೆ ಹಾಕಿಸಿದ. ಜನ ದಿನಾ ರಾತ್ರಿ ಪಾತ್ರೆ ಬಡಿದು ಪ್ರತಿಭಟಿಸಿದರು. ಬ್ಯಾಂಕ್ ನೌಕರರು ಕೆಲಸಕ್ಕೇ ಹೋಗಲಿಲ್ಲ.”

“ಸಂಬಳ?”

“ನಿನಗೆ ಅದೇ ಚಿಂತೆ! ಎಟಿಎಮ್ಮಿನಲ್ಲೇ ದುಡ್ಡಿಲ್ಲ. ಡಾಲರಿಗೆ 1,300 ಚಿಲ್ಲರೆ ಇದ್ದ ಅವರ ನಾಣ್ಯ ಕ್ಯಾಟ್ ಸೆಪ್ಟೆಂಬರಿಗೆ 2,000 ದಾಟಿತು. ಆ ವರ್ಷ ಆರ್ಥಿಕತೆ ಶೇ. 18ರಷ್ಟು ಕುಸೀತು ಅಂತ ವಿಶ್ವಬ್ಯಾಂಕಿನ ಲೆಕ್ಕ. ಅಂದಹಾಗೆ ಆ ಕ್ಯಾಟನ್ನ ಅವರು ‘ಚಾಟ್’ ಅಂತಾರೆ.”

“ಮಸಾಲಪುರಿ ಥರಾನಾ?” ಶೀನನ ಕಿವಿ ನೆಟ್ಟಗಾಯಿತು.

ರಾಯರು ಕೇಳಿಸಿಕೊಳ್ಳಲಿಲ್ಲ. “ಇವನಾದರೂ ವಾಸಿ. 1962ರಲ್ಲಿ ಗದ್ದುಗೆ ಹಿಡಿದ ಜನರಲ್ ನೆ ವಿನ್‌ಗೆ ಒಂಬತ್ತು ಅದೃಷ್ಟಸಂಖ್ಯೆ. 1987ರಲ್ಲಿ 25, 35, 75ರ ನೋಟೆಲ್ಲ ರದ್ದು, ಬದಲಿಗೆ ಬಿಡಿಗಾಸೂ ಇಲ್ಲ. ಹೊಸದಾಗಿ ಬಂದದ್ದು 45 ಮತ್ತು 90ರ ನೋಟು.”

“ತೊಂಬತ್ತು ಕೊಟ್ಟು ಹದಿನೇಳರದ್ದು ತಗೊಂಡರೆ…” ಶೀನ ಬೆರಳು ಮಡಚತೊಡಗಿದ.

“ಮಗ್ಗಿ ಬಾಯಿಪಾಠ ಆಗಿತ್ತೋ ಏನೋ, ಉಳಿತಾಯ ಮಾತ್ರ ರಾತ್ರೋರಾತ್ರಿ ಹೋಯ್ತು. ಮೊದಲು ಬೀದಿಗಿಳಿದವರು ಕಾಲೇಜು ಹುಡುಗರು. ಮರುವರ್ಷ ಇಡೀ ದೇಶವೇ ಎದ್ದಿತು, ಮುದುಕ ಕುರ್ಚಿ ಬಿಟ್ಟ. ಆದರೆ ಸೇನೆ ಬಿಡಲಿಲ್ಲ.”

“ಹಾಗಿದ್ದರೆ ಈಗಿನವನ ಹತ್ತಿರ ನಾವು ಬೇಳೆ ಯಾಕೆ ತಗೋತೀವಿ?” ಅಂದೆ.

“2021ರಲ್ಲೇ ನಮ್ಮ ಸರ್ಕಾರ ವರ್ಷಕ್ಕೆ ಎರಡೂವರೆ ಲಕ್ಷ ಟನ್ ಉದ್ದಿಗೆ ಒಪ್ಪಂದ ಮಾಡಿಕೊಂಡಿತಪ್ಪ. ಪ್ರಜಾಪ್ರಭುತ್ವ ಬರೋವರೆಗೆ ಇಡ್ಲಿ ಬೇಡ ಅಂತ ನೀನು ಉಪವಾಸ ಕೂರ್ತೀಯಾ?”

ಶೀನ ನನ್ನ ತಟ್ಟೆಯ ವಡೆಗೂ ಕೈ ಹಾಕಿದ. ಅಷ್ಟರಲ್ಲಿ ಮಾಣಿ ಬಿಲ್ ತಂದಿಟ್ಟ: ಎರಡು ಪ್ಲೇಟ್ ವಡೆ, ತೊಂಬತ್ತು ರೂಪಾಯಿ.

ಮೂವರೂ ಬಿದ್ದುಬಿದ್ದು ನಕ್ಕೆವು. ಮಾಣಿ ಮಾತ್ರ ನಗಲಿಲ್ಲ. “ಚಿಲ್ಲರೆ ಕೊಡಿ ಸಾರ್,” ಅಂದ.