ಅಪ್‌ಡೇಟ್: ಮಂಡಿಯ ಬೀಗ ತೆಗೆಯುವ ಸ್ನಾಯು ಯಾವುದು?

ನೆಟ್ಟಗೆ ನಿಂತಾಗ ಮಂಡಿ ಬೀಗ ಹಾಕಿದಂತೆ ಗಟ್ಟಿಯಾಗುವುದೇಕೆ, ಮಡಚುವಾಗ ಆ ಬೀಗ ತೆಗೆಯುವುದು ಯಾವ ಸ್ನಾಯು ಎಂದು ಕೇಳಿದ್ದೆ. ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಬದಿಯ ಸ್ನಾಯುಗಳು) ಇರಬೇಕೆಂಬ ಊಹೆ ತಪ್ಪು. ಉತ್ತರ: ಪಾಪ್ಲಿಟಿಯಸ್, ಮಂಡಿಯ ಹಿಂಬದಿಯ ಒಂದು ಸಣ್ಣ ಸ್ನಾಯು.

ತೊಡೆಮೂಳೆಯ ಕೆಳತುದಿಯಲ್ಲಿ ಎರಡು ಉಬ್ಬುಗಳಿವೆ. ಒಳಗಿನದರ ಕೀಲುಮೈ ಹೊರಗಿನದಕ್ಕಿಂತ ಉದ್ದ. ಹಾಗಾಗಿ ಕಾಲು ಚಾಚುವ ಕೊನೆಯ 20–30 ಡಿಗ್ರಿಯಲ್ಲಿ ಹೊರಬದಿಯ ಓಟ ಮುಗಿದರೂ ಒಳಬದಿ ಇನ್ನೂ ಜಾರುತ್ತಿರುತ್ತದೆ, ಮೂಳೆ ತಿರುಗಲೇಬೇಕು. ಪಾದ ನೆಲಕ್ಕೂರಿದ್ದರೆ ತೊಡೆಮೂಳೆ ಒಳಕ್ಕೆ, ಕಾಲು ಗಾಳಿಯಲ್ಲಿದ್ದರೆ ಟಿಬಿಯಾ (ಮಂಡಿಯ ಕೆಳಗಿನ ದಪ್ಪ ಮೂಳೆ) ಹೊರಕ್ಕೆ. (ಎರಡೂ ಒಂದೇ ತಿರುವು; ಪುಸ್ತಕಗಳು ಬೇರೆಬೇರೆ ಹೇಳುವಂತೆ ಕಾಣುವುದು ಇದಕ್ಕೇ.) ಎಸಿಎಲ್ (ಮಂಡಿಯೊಳಗಿನ ಒಂದು ಲಿಗಮೆಂಟು, ಅಂದರೆ ಮೂಳೆಗಳನ್ನು ಕಟ್ಟಿಹಿಡಿಯುವ ಪಟ್ಟಿ) ಮತ್ತು ಪಕ್ಕದ ಲಿಗಮೆಂಟುಗಳು ಆಗ ಬಿಗಿಯಾಗಿ ಬೀಗ ಬೀಳುವುದರಿಂದ ನಿಲ್ಲಲು ಕ್ವಾಡ್ರಿಸೆಪ್ಸ್ (ತೊಡೆಯ ಮುಂಬದಿಯ ಸ್ನಾಯು) ಹೆಚ್ಚು ದುಡಿಯಬೇಕಿಲ್ಲ.

ಪಾಪ್ಲಿಟಿಯಸ್ ಹೊರ ಉಬ್ಬಿನಿಂದ ಓರೆಯಾಗಿ ಇಳಿದು ಟಿಬಿಯಾದ ಹಿಂಬದಿ ಸೇರುತ್ತದೆ. ನಿಂತವರು ಮಂಡಿ ಮಡಚಲು ಶುರುಮಾಡಿದಾಗ ತೊಡೆಮೂಳೆಯನ್ನು ಹೊರಕ್ಕೆ ತಿರುಗಿಸಿ ಬೀಗ ಸಡಿಲಿಸುತ್ತದೆ; ಜೊತೆಗೆ ಹೊರ ಮೆನಿಸ್ಕಸ್ಸನ್ನೂ (ಮೂಳೆಗಳ ನಡುವಿನ ಮೆದುಮೂಳೆಯ ಮೆತ್ತೆ) ಹಿಂದಕ್ಕೆಳೆದು ಮೂಳೆಗಳ ನಡುವೆ ಸಿಕ್ಕದಂತೆ ಕಾಯುತ್ತದೆ. ಒಳ ಮೆನಿಸ್ಕಸ್ ಒಳಪಕ್ಕದ ಲಿಗಮೆಂಟಾದ ಎಂಸಿಎಲ್‌ನ ಆಳದ ಪದರಕ್ಕೆ ಅಂಟಿಕೊಂಡಿರುವುದರಿಂದ ಅಷ್ಟು ಸರಿಯಲಾರದು, ಹೆಚ್ಚಾಗಿ ಹರಿಯುವುದೂ ಅದೇ.